ಎರಡು ಮಾತ್ರೆ ಕಮ್ಮಿಯ ಹಾಡು

ಭಾಲ್ಕಿಯ ಫಂಕ್ಷನ್ ಹಾಲಿನಲ್ಲಿ ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡೆ ಎಂದರೆ ಅಮ್ಮ ನಂಬಲಿಲ್ಲ. ಮಂದಿಯ ನಡುವೆ ನನಗೆ ತುತ್ತು ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೆ ಅಷ್ಟೊತ್ತಿಗೆ ಹಾಡು ಮುಗಿದಿತ್ತು, ಆಯಿ ವೇದಿಕೆಯಿಂದ ಎದ್ದು ಹೋಗಿರಲಿಲ್ಲ. ಎಷ್ಟೋ ದಿನ ಹೊಟ್ಟೆಯಲ್ಲಿ ಕೂತಿದ್ದ ಹೆದರಿಕೆ ಎದ್ದು ಹೋದ ಮೇಲೆ ಅಲ್ಲಿ ಬರೀ ಹಸಿವು ಉಳಿದಿತ್ತು.

ಆಯಿ ಅಂದರೆ ನನ್ನ ಗೆಳತಿ ಈಶ್ವರಿಯ ಅಜ್ಜಿ, ರುಕ್ಮಿಣಿಬಾಯಿ. ಈಶ್ವರಿ ಭಾಲ್ಕಿಯವಳು. ಬೀದರದ ಕಾಲೇಜಿನಲ್ಲಿ ನನ್ನ ಪಕ್ಕ ಕೂತು, ನನ್ನ ಪಾಲಿನ ಮಾತನ್ನೂ ತಾನೇ ಆಡಿದವಳು. ಔರಾದದ ಹುಡುಗನ ಜೊತೆ ಲಗ್ನ ಗೊತ್ತಾದ ಕೂಡಲೇ ಫೋನು ಮಾಡಿದಳು.

“ಎಲೀನಾ, ರಿಸೆಪ್ಶನ್‌ದಾಗ ಆಯಿ ಹಾಡ್ತಾಳ. ಕೀಬೋರ್ಡ್ ನೀನೇ ಬಾರಸಬೇಕು.”

“ನಾನಾ? ಬ್ಯಾಂಡಿನವರು ಇರ್ತಾರಲ್ಲ?”

“ಅಕ್ಕನ ಲಗ್ನದಾಗ ಅವರು ತಮಗ ತಿಳದಂಗ ಬಾರಸಿದ್ರು. ಆಯಿ ನಡುವೇ ಮೈಕ್ ಇಟ್ಟು ಎದ್ದು ನಡದ್ಳು. ಊಟಾನೂ ಮಾಡ್ಲಿಲ್ಲ. ಬೀಗರ ಮುಂದ ಅಕ್ಕನ ಮಾರಿ ನೋಡಬೇಕಿತ್ತು. ನನ್ನ ಲಗ್ನದಾಗ ಹಂಗಾಗಬಾರ್ದವಾ.”

ನಾನು ಹೂಂ ಅಂದುಬಿಟ್ಟೆ. ನಮ್ಮ ಚರ್ಚಿನಲ್ಲಿ ನಾನು ಪ್ರತಿ ಭಾನುವಾರ ಕೀಬೋರ್ಡ್ ನುಡಿಸುತ್ತೇನೆ ನಿಜ. ಆದರೆ ಅಲ್ಲಿ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಾರೆ. ಸಭೆಗೆ ನನ್ನ ಜಡೆ ಮಾತ್ರ ಕಾಣುತ್ತದೆ.

ಈಶ್ವರಿ ಬಸ್ ಕಂಡಕ್ಟರನ ಕೈಯಲ್ಲಿ ಒಂದು ಕ್ಯಾಸೆಟ್ ಕಳಿಸಿದಳು. ಔರಾದ ಕಡೆಯ ಹೆಂಗಸರ ಮೇಳವೊಂದು ಎಂದೋ ಹಾಡಿದ್ದು, ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಡು. ಆಯಿ ಕಲಿತದ್ದೂ ಇದೇ ಕ್ಯಾಸೆಟ್ಟಿನಿಂದ. ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಟೇಪ್ ರೆಕಾರ್ಡರ್ ಇದ್ದದ್ದು ನಮ್ಮ ಓಣಿಯ ಶರಫೋದ್ದೀನ ಚಾಚಾರ ಮನೆಯಲ್ಲಿ. ಅವರು ಢೋಲಕ್ ನುಡಿಸುತ್ತಾರೆ. “ನಾನೂ ಬರ್ತೇನಿ ಬೇಟಿ, ಒಬ್ಬಾಕೇ ಹ್ಯಾಂಗ ಕೂಡ್ತಿ” ಅಂದರು. ಅರ್ಧ ಜೀವ ಬಂತು.

ಕಿವಿಯಿಂದ ಹಾಡು ಕಲಿಯುವಾಗ ನಾನು ಮೊದಲು ಕೀಗಳನ್ನು ಮುಟ್ಟುವುದೇ ಇಲ್ಲ. ಫೋನಿಗೆ ಇಳಿಸಿಕೊಂಡು, ಅಕ್ಕಿ ಆರಿಸುವಾಗ, ರೊಟ್ಟಿ ಬಡಿಯುವಾಗ ಸುಮ್ಮನೆ ಹಚ್ಚಿಡುತ್ತೇನೆ. ಒಂದು ದಿನ ಬಾಯಿ ತಾನಾಗಿ ಗುನುಗತೊಡಗಿದಾಗ ಷಡ್ಜ ಹುಡುಕಲು ಕೂಡುತ್ತೇನೆ. ಹಳೆಯ ಟೇಪು ನಿಧಾನ ಓಡುತ್ತಿತ್ತೋ ಏನೋ, ಈ ಹಾಡಿನ ಷಡ್ಜ ನಾಲ್ಕನೇ ಕರಿ ಕೀಯಲ್ಲೂ ಇಲ್ಲ, ಪಕ್ಕದ ಆರನೇ ಬಿಳಿ ಕೀಯಲ್ಲೂ ಇಲ್ಲ, ಎರಡರ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಕೀಬೋರ್ಡಿನ ಶ್ರುತಿಯನ್ನೇ ಚೂರು ಇಳಿಸಿ ಅದರ ಪಕ್ಕ ಹೋಗಿ ಕೂತೆ. ಆಮೇಲೆ ಹಾಡುವವಳ ಗಂಟಲಿನ ಒಂದೊಂದು ತಿರುವಿನಲ್ಲೂ ಹಿಂದೆ ಮುಂದೆ ಓಡಾಡಿದೆ.

ಎಲ್ಲ ಕೈಗೆ ಬಂತು, ಕೊನೆಯ ಸಾಲೊಂದು ಬಿಟ್ಟು. ಅದು ಟೇಪಿನಲ್ಲಿ ಒಂದೇ ಸಲ ಬರುತ್ತದೆ: “ನೀರ ತರಾಕ ಹೊನ್ನೆರಳ ತಂದಾಳ.” ಅಲ್ಲಿಗೆ ಬಂದಾಗೆಲ್ಲ ನನ್ನ ಕೈ ಒಂದು ಕಡೆ, ಚಾಚಾರ ಢೋಲಕ್ ಇನ್ನೊಂದು ಕಡೆ.

“ತಾಳಕ್ಕ ಎಂಟು ಮಾತ್ರಾ ಇರಬೇಕು, ಆರೇ ಅದಾವ. ಎರಡು ಯಾರು ತಿಂದ್ರು?” ಎಂದು ಚಾಚಾ ಕ್ಯಾಸೆಟ್ ಹೊರತೆಗೆದು ಟೇಪನ್ನು ಬೆರಳಿಂದ ಎಳೆದು ನೋಡಿದರು. ಹರಿದಿದ್ದ ಜಾಗವನ್ನು ಯಾರೋ ಗುಲಾಬಿ ನೇಲ್ ಪಾಲಿಶ್ ಹಚ್ಚಿ ಕೂಡಿಸಿದ್ದರು. ಸುಕ್ಕಾದ ತುಂಡನ್ನು ಕತ್ತರಿಸಿ ಎಸೆದಿರಬೇಕು. “ನೋಡು ಬೇಟಿ, ಹಾಡು ಕುಂಟಲ್ಲ, ಟೇಪ್ ಕುಂಟು. ನಾವು ಭರ್ತಿ ಮಾಡಿ ಬಾರಸೋಣ.”

ನಾನು ಈಶ್ವರಿಯನ್ನು ಕೇಳಿದೆ.

“ಭರ್ತಿಗಿರ್ತಿ ಏನೂ ಬ್ಯಾಡ. ಆಯಿ ಹಂಗೇ ಹಾಡ್ತಾಳ, ನಮ್ಮ ಮನಿಮಂದಿ ಎಲ್ಲಾ ಹಂಗೇ ಹಾಡ್ತೇವಿ” ಅಂದಳು. “ಹೊನ್ನೆರಳ ಅಂದ್ರ ಬಂಗಾರದ ನೆರಳು. ಸೊಸಿ ಅಂದ್ರ ಹಂಗ ಅಂತ ಆಯಿ ಅರ್ಥಾನೂ ಹೇಳ್ತಾಳ.”

ಹಾಗಾಗಿ ನಾವಿಬ್ಬರೂ ಕುಂಟುವುದನ್ನು ಕಲಿತೆವು. ಸರಿಯಾಗಿ ನಡೆಯುವುದಕ್ಕಿಂತ ಅದು ಕಷ್ಟ. ಎಲ್ಲರೂ ಎಡವುವ ಜಾಗದಲ್ಲೇ, ಅಷ್ಟೇ ಎಡವಬೇಕು.

ರಿಸೆಪ್ಶನ್ ದಿನ ಕೀಬೋರ್ಡನ್ನು ಮಂದಿಗೆ ಮುಖ ಮಾಡಿ ಇಟ್ಟಿದ್ದರು. ನಾನು ತಲೆ ಎತ್ತಲಿಲ್ಲ. ಆಯಿ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡು ಹಾಡು ಎತ್ತಿದರು. ವಯಸ್ಸಿಗೆ ಮೀರಿದ ಧ್ವನಿ. ಮುಂದಿನ ಸಾಲಿನ ಔರಾದದ ಹೆಂಗಸರು ಗುರುತು ಹಿಡಿದು, “ಅಯ್ಯ, ನಮ್ಮೂರ ಹಾಡು!” ಎಂದು ತಾವೂ ದನಿಗೂಡಿಸಿದರು. ಎಲ್ಲ ಚೆಂದ ನಡೆದಿತ್ತು. ಕೊನೆಯ ಸಾಲು ಬಂತು. ಆಯಿ, ಚಾಚಾ, ನಾನು ಒಟ್ಟಿಗೇ ಎಡವಿ ಒಟ್ಟಿಗೇ ಮುಗಿಸಿದೆವು. ಔರಾದದವರು ಮಾತ್ರ ಇನ್ನೂ ಹಾಡುತ್ತಲೇ ಇದ್ದರು.

“ನೀರ ತರಾಕ ಹೋದಾಕಿ ನೆರಳ ತಂದಾಳ.”

ಕತ್ತರಿಸಿ ಹೋದದ್ದು ಅದು! ‘ಹೋದಾಕಿ’ಯ ‘ದಾಕಿ’ ಹೋಗಿ, ಉಳಿದ ‘ಹೋ’ ನೆರಳಿಗೆ ಅಂಟಿಕೊಂಡು ಈ ಮನೆಯಲ್ಲಿ ಹೊನ್ನೆರಳಾಗಿತ್ತು.

ವರನ ಸೋದರತ್ತೆ ಎದ್ದು ನಿಂತು ನಕ್ಕಳು. “ಏನ್ರೀ ಬೀಗರ, ನೀರಿಗಿ ಹೋದಾಕಿನ್ನ ಎಲ್ಲಿ ಬಿಟ್ಟು ಬಂದ್ರಿ? ಬಾವ್ಯಾಗೇನು?”

“ನಮ್ಮ ಮನ್ಯಾಕಿ ಲಗೂನ ಹೋಗಿ ಲಗೂನ ಬರ್ತಾಳ್ರೀ” ಅಂದರು ಆಯಿ. “ನಿಮ್ಮಾಕಿ ದಾರ್ಯಾಗ ಹರಟಿ ಹೊಡಕೋತ ನಿಂತಿರಬೇಕು.”

ಮಂದಿಯೆಲ್ಲ ಗೊಳ್ಳೆಂದು ನಕ್ಕರು. ಆಯಿ ನಗಲಿಲ್ಲ. ಅವರ ಕೈ ಮೈಕನ್ನು ಕೆಳಗಿಳಿಸುತ್ತಿತ್ತು. ಸಿಂಹಾಸನದಂಥ ಕುರ್ಚಿಯಲ್ಲಿದ್ದ ಈಶ್ವರಿಯ ಮುಖ ಬಿಳಿಚಿತ್ತು. ಆಯಿ ನನ್ನತ್ತ ತಿರುಗಿದರು.

“ಏ ಪೋರಿ, ನೀ ಟೇಪ್ ಕೇಳಿ ಕಲ್ತಾಕಿ. ಖರೇ ಹೇಳು, ತಪ್ಪಿದಾಕಿ ನಾನೋ, ಇವರೋ?”

ಗುಲಾಬಿ ನೇಲ್ ಪಾಲಿಶ್ ನನ್ನ ಕಣ್ಣ ಮುಂದಿತ್ತು. ಚಾಚಾರ ಕಣ್ಣಿನಲ್ಲೂ ಅದೇ ಇತ್ತು. ಆದರೆ ಒಂದು ಮನೆ ಇಷ್ಟು ವರ್ಷ ಹಾಡಿ, ಅದಕ್ಕೊಂದು ಅರ್ಥ ಹಚ್ಚಿ, ಮಕ್ಕಳಿಗೆ ಕಲಿಸಿದ ಮೇಲೂ ಅದು ಬರೀ ಟೇಪಿನ ತಪ್ಪೇ? ಕುಂಟುವುದನ್ನು ಕಲಿತ ನನ್ನ ಬೆರಳುಗಳಿಗೆ ಅದು ತಪ್ಪು ಅನ್ನಿಸಲಿಲ್ಲ. ಢೋಲಕ್ಕಿನ ಮೈಕಿಗೆ ಬಾಗಿದೆ.

“ತಪ್ಪಿಲ್ರಿ ಆಯಿ. ಇದು ಭಾಲ್ಕಿದು, ಅದು ಔರಾದದ್ದು. ಎರಡೂ ಬಾರಸ್ತೇವ್ರಿ. ಮೊದಲ ಭಾಲ್ಕಿಯವರು ಹಾಡ್ರಿ.”

ನನ್ನ ಧ್ವನಿ ಸ್ಪೀಕರಿನಲ್ಲಿ ಯಾರದೋ ಎಂಬಂತೆ ಕೇಳಿತು. ಮತ್ತೆ ಯೋಚಿಸಿದರೆ ಕೈ ಬರುವುದಿಲ್ಲವೆಂದು ಕೂಡಲೇ ಸ್ವರ ಹಿಡಿದೆ. ಆಯಿಯ ಮೈಕು ನಿಧಾನ ಮೇಲೆದ್ದಿತು. ಭಾಲ್ಕಿಯವರದು ಆರು ಮಾತ್ರೆಗೆ ಮುಗಿಯಿತು. “ಈಗ ಔರಾದದವರು!” ಎಂದು ಚಾಚಾ ಕೂಗಿದರು. ಅವರದು ಎಂಟಕ್ಕೆ. ಮತ್ತೆ ಇವರು, ಮತ್ತೆ ಅವರು. ಚಾಚಾ ನಗುತ್ತಾ ಆರಕ್ಕೊಮ್ಮೆ ಎಂಟಕ್ಕೊಮ್ಮೆ ಜಿಗಿದರು. ಸೋದರತ್ತೆ ವೇದಿಕೆ ಹತ್ತಿ ಆಯಿಯ ಮೈಕಿಗೇ ಬಾಯಿ ಹಚ್ಚಿದಳು. ಈಶ್ವರಿ ಮಾತ್ರ ಎರಡೂ ಕಡೆಗೆ ಹಾಡಿದಳು. ಅತ್ತ ಸೇರಬೇಕಾದವಳು, ಇತ್ತ ಬಿಡಲಾರದವಳು.

ಊಟವಾದ ಮೇಲೆ ನಾವು ಸಾಮಾನು ಕಟ್ಟುತ್ತಿದ್ದಾಗ ಆಯಿ ಬಾಗಿಲಲ್ಲಿ ನಿಂತು, ಮೊಮ್ಮಗಳ ತಲೆ ಸವರುತ್ತಾ ತಮ್ಮಷ್ಟಕ್ಕೆ ಗುನುಗುತ್ತಿದ್ದರು.

“ನೀರ ತರಾಕ ಹೋದಾಕಿ ಹೊನ್ನೆರಳ ತಂದಾಳ.”

ಚಾಚಾ ಢೋಲಕ್ಕಿನ ಚೀಲ ಕೆಳಗಿಟ್ಟರು. “ಯಾ ಅಲ್ಲಾ! ಈಗ ಒಂದು ಮಾತ್ರಾ ಹೆಚ್ಚಾತಲ್ಲ ಬೇಟಿ!”

“ಸುಮ್ಮನಿರ್ರಿ ಚಾಚಾ, ಕೇಳಸ್ಲಿ” ಅಂದೆ ನಾನು. ಕಟ್ಟಿದ ಕೀಬೋರ್ಡಿನ ಮೇಲೆ ನನ್ನ ಬೆರಳು ಆಗಲೇ ಆ ಹೆಚ್ಚಿನ ಮಾತ್ರೆಯ ಜಾಗ ಹುಡುಕುತ್ತಿತ್ತು.