ಮುನ್ನೂರು ಜನರ ಪಾದ, ಒಂದೇ ಡಿಸ್ಕ್

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ನೆಲ ಗುಡಿಸಿ, ಪಾದದಕ್ಕ ಕಂಪ್ಯೂಟರಿನ ಗುಂಡಿ ಒತ್ತಿದಳು. ಒಳಗಿನ ಫ್ಯಾನು ತಿರುಗಿತು. ಹಸಿರು ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು ಮೂಡಿ ಅಲ್ಲೇ ನಿಂತುಬಿಟ್ಟಿತು. ಡಿಸ್ಕ್ ಸಿಗುತ್ತಿಲ್ಲ ಎಂಬಷ್ಟು ಅವಳಿಗೆ ಅರ್ಥವಾಯಿತು.

"ರೀ, ಇದು ಏಳ್ತಾನೇ ಇಲ್ಲ."

ಗಂಡ ಒಳಗೆ ಚಪ್ಪಲಿಯ ಅಟ್ಟೆ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ. "ನಿನ್ನೆ ರಜ ಇತ್ತಲ್ಲ, ಅದಕ್ಕಿನ್ನೂ ನಿದ್ದೆ ಬಿಟ್ಟಿಲ್ಲ. ಇನ್ನೊಂದ್ಸಲ ಒತ್ತು."

ಇನ್ನೊಂದು ಸಲ ಒತ್ತಿದಳು. ಮತ್ತೆ ಅದೇ ಸಾಲು.

ಅದು ಎಲ್ಲರ ಚಪ್ಪಲಿ ಅಂಗಡಿಯಂತಲ್ಲ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಹೋದವರು, ಒಂದು ಕಾಲು ಗಿಡ್ಡ ಇರುವವರು, ಬೆರಳು ಕಳೆದುಕೊಂಡವರು, ಇಂಥವರೇ ಅಲ್ಲಿಗೆ ಬರುತ್ತಾರೆ. ಒಬ್ಬೊಬ್ಬರ ಪಾದಕ್ಕೂ ಬೇರೆ ಬೇರೆ ಅಚ್ಚು. ಎಲ್ಲಿ ಮೆತ್ತೆ ದಪ್ಪ ಇರಬೇಕು, ಎಲ್ಲಿ ತಗ್ಗು ಮಾಡಬೇಕು ಎಂಬುದರಲ್ಲೇ ಇರುವುದು ಕೆಲಸದ ಹದ. ಗಂಡ ಹೊಲಿಯುತ್ತಾನೆ. ಹೆಂಡತಿ ಪಾದದ ಸುತ್ತಳತೆ ಬರೆದು, ಫೋಟೋ ತೆಗೆದು, ಯಾರಿಗೆ ಎಲ್ಲಿ ಗಾಯವಾಗಿತ್ತು, ಯಾವಾಗ ಮಾಯಿತು ಎಂದೆಲ್ಲ ಕಂಪ್ಯೂಟರಿಗೆ ಏರಿಸುತ್ತಾಳೆ. ಒಂಬತ್ತು ವರ್ಷದಿಂದ ಇದೇ ಕೆಲಸ. ಮುನ್ನೂರ ಹನ್ನೆರಡು ಜನ. ದಾರಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಅವಳು ಮೊದಲು ಅವರ ಕಾಲು ನೋಡಿ, ಆಮೇಲೆ ಮುಖ ನೋಡುತ್ತಾಳೆ. ಪಾದದಕ್ಕ ಎಂಬ ಹೆಸರು ಬಂದದ್ದೇ ಹಾಗೆ.

ಇಷ್ಟೂ ಇದ್ದದ್ದು ಆ ಒಂದು ಡಬ್ಬಿಯೊಳಗೆ. ನಕಲು ಇರಲಿಲ್ಲ.

ಹೇಳಿದವರಿಲ್ಲ ಎಂದೇನಲ್ಲ. ಹೋದ ವರ್ಷ ಕೀಬೋರ್ಡ್ ಬದಲಾಯಿಸಲು ಬಂದಿದ್ದ ಸ್ಕ್ರೂ ಅಕ್ಕ ಹೇಳಿದ್ದಳು. ಮೂರು ಅಂಗಡಿ ಆಚೆ ಕಂಪ್ಯೂಟರ್ ರಿಪೇರಿ ಮಾಡುವವಳು ಅವಳು. ತುರುಬಿಗೆ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಾಳೆ. "ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಇಟ್ಕೊಳ್ಳಿ ಪಾದದಕ್ಕಾ" ಎಂದಿದ್ದಳು. ಪಾದದಕ್ಕ "ಆಯ್ತಾಯ್ತು" ಎಂದಿದ್ದಳು. ಗಂಡ ನಕ್ಕುಬಿಟ್ಟಿದ್ದ. "ಪಾದದ ಚಿತ್ರಾನ ಯಾರು ಕದೀತಾರಮ್ಮಾ? ಕದ್ರೂ ಏನ್ ಮಾಡ್ಕೋತಾರೆ?"

ಇವತ್ತು ಹನ್ನೊಂದು ಗಂಟೆಗೆ ಅಂಚೆಯಮ್ಮ ಬರುವವಳಿದ್ದಳು. ದಿನಾ ಮನೆ ಮನೆ ಸುತ್ತಿ ಕಾಗದ ಹಂಚುವ ಹೆಂಗಸು. ಎಡಗಾಲಿಗೆ ಸ್ಪರ್ಶವೇ ಇಲ್ಲ. ಸ್ನಾನ ಮಾಡುವಾಗ ಪಾದದಲ್ಲಿ ಕೆಂಪು ಕಲೆ ಕಂಡೆ ಎಂದು ಶನಿವಾರ ಫೋನ್ ಮಾಡಿದ್ದಳು. ಹಳೆಯ ಚಿತ್ರ ಪಕ್ಕದಲ್ಲಿಟ್ಟು ನೋಡದೆ ಅವಳ ಚಪ್ಪಲಿಗೆ ಕೈ ಹಚ್ಚುವ ಹಾಗಿರಲಿಲ್ಲ.

ಅಷ್ಟರಲ್ಲಿ ಚರ್ಮದ ಸುರುಳಿ ಇಳಿಸಲು ಮೈದುನ ಬಂದ. ಲಾರಿ ಓಡಿಸುವವನು. ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ, ಪೂರ್ತಿ ಗೊತ್ತಿರುವ ವಿಷಯವೂ ಇಲ್ಲ ಎಂದು ಅವನ ಅಣ್ಣನೇ ಆಡಿಕೊಳ್ಳುತ್ತಿದ್ದ.

"ಸರೀರಿ ಅತ್ತಿಗೆ, ನಾನ್ ನೋಡ್ತೀನಿ. ನಮ್ಮ ಆಫೀಸಿನ ಕಂಪ್ಯೂಟರಿಗೂ ಹೀಗೇ ಆಗಿತ್ತು."

ಆರಿಸಿದ, ಹಾಕಿದ. ಮತ್ತೆ ಆರಿಸಿದ, ಹಾಕಿದ. ಡಬ್ಬಿಯ ನೆತ್ತಿಗೆ ಎರಡು ಏಟು ಕೊಟ್ಟ. ಐದನೆಯ ಸಲಕ್ಕೆ ಒಳಗಿನಿಂದ ಟಕ್, ಟಕ್ ಎಂದು ಸದ್ದು ಬಂತು.

"ಕೇಳಿದ್ರಾ? ಎದ್ದೇಳ್ತಾ ಇದೆ!"

ಪಾದದಕ್ಕನಿಗೆ ಆ ಸದ್ದು ಹಿಡಿಸಲಿಲ್ಲ. ಮೈದುನ ಲಾರಿಯಿಂದ ಒಂದು ಪೆನ್ ಡ್ರೈವ್ ತಂದು ಸಿಕ್ಕಿಸಿದ. "ಇದರಲ್ಲಿ ಸಾಫ್ಟ್‌ವೇರ್ ಇದೆ. ಹೊಸದಾಗಿ ಹಾಕಿಬಿಟ್ರೆ ಅರ್ಧ ಗಂಟೇಲಿ ಹೊಸ ಮದುಮಗನ ಹಾಗೆ ಆಗತ್ತೆ." ಪರದೆ ನೀಲಿಯಾಯಿತು. ಒಂದಾದ ಮೇಲೊಂದು ಪ್ರಶ್ನೆಗಳು ಬಂದವು. ಅವನು ಓದದೆಯೇ ಹೂಂ, ಹೂಂ ಎಂದು ಒತ್ತುತ್ತ ಹೋದ. ಕೊನೆಗೆ ಬಂದ ಪ್ರಶ್ನೆ ಸ್ವಲ್ಪ ಉದ್ದಕ್ಕಿತ್ತು. ಪಾದದಕ್ಕ ಅದನ್ನು ಒಂದೊಂದೇ ಪದವಾಗಿ ಓದಿದಳು.

"ತಡಿ. ಈ ಡಿಸ್ಕಲ್ಲಿರೋದನ್ನೆಲ್ಲ ಅಳಿಸ್ತೀವಿ ಅಂತಲ್ವಾ ಇದು?"

"ಅದು ಸುಮ್ನೆ ಕೇಳತ್ತೆ ಅತ್ತಿಗೆ. ಎಲ್ರಿಗೂ ಹಾಗೇ ಕೇಳತ್ತೆ."

"ಸುಮ್ನೆ ಯಾಕೆ ಕೇಳತ್ತೆ?"

ಒಳಗಿನಿಂದ ಗಂಡ ಕೂಗಿದ. "ಒತ್ತಲಿ ಬಿಡೇ. ಹನ್ನೊಂದು ಗಂಟೆ ಒಳಗೆ ಮಿಷಿನ್ ಎದ್ರೆ ಸಾಕು ನಂಗೆ."

ಮೈದುನನ ಬೆರಳು ಕೀಲಿಯ ಮೇಲೆ ಇತ್ತು. ಪಾದದಕ್ಕ ಅವನ ಮಣಿಕಟ್ಟು ಹಿಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನ ಕೈ ಹಿಡಿದು ತಡೆದದ್ದು ಅದೇ ಮೊದಲು. "ಬೇಡಪ್ಪಾ. ಮಿಷಿನ್ ಏಳದಿದ್ರೂ ಚಿಂತೆಯಿಲ್ಲ. ಒಳಗಿರೋದು ಬೇಕು." ಗುಂಡಿಯನ್ನು ಅದುಮಿ ಹಿಡಿದು ಕಂಪ್ಯೂಟರ್ ಆರಿಸಿದಳು. ಪ್ಲಗ್ಗನ್ನೂ ಕಿತ್ತಳು.

ಮೈದುನ ಮುಖ ಊದಿಸಿಕೊಂಡು ಚರ್ಮದ ಸುರುಳಿ ಎಣಿಸತೊಡಗಿದ. ಅವಳು ಸ್ಕ್ರೂ ಅಕ್ಕನ ಅಂಗಡಿಗೆ ಓಡಿದಳು.

ಸ್ಕ್ರೂ ಅಕ್ಕ ಬಂದವಳೇ ಬೈಯಲಿಲ್ಲ, ಡಬ್ಬಿಯನ್ನೂ ಮುಟ್ಟಲಿಲ್ಲ. ಸ್ಟೂಲ್ ಎಳೆದು ಕೂತು ಕೇಳಿದಳು. "ಬೆಳಿಗ್ಗೆಯಿಂದ ಏನೇನಾಯ್ತು, ಬಿಡದೆ ಹೇಳಿ."

ಪಾದದಕ್ಕ ಹೇಳಿದಳು.

"ಪರದೆ ಮೇಲೆ ಅಕ್ಷರ ಬಂತಲ್ಲ, ಅಂದ್ಮೇಲೆ ಕರೆಂಟು ಸರಿ ಇದೆ, ಪರದೇನೂ ಸರಿ ಇದೆ. ಎಷ್ಟೋ ಜನ ಪ್ಲಗ್ಗು ಸಡಿಲಾಗಿರೋದಕ್ಕೇ ಕಂಪ್ಯೂಟರ್ ಹೊತ್ಕೊಂಡು ನಮ್ಮಲ್ಲಿಗೆ ಬರ್ತಾರೆ. ನಿಮ್ಮದು ಅದಲ್ಲ. ಸದ್ದೇನಾದ್ರೂ ಬಂತಾ?"

"ಟಕ್ ಟಕ್ ಅಂತು."

"ಅದಾದ್ಮೇಲೆ ಎಷ್ಟು ಸಲ ಹಾಕಿದ್ರಿ?"

ಚರ್ಮ ಎಣಿಸುತ್ತಿದ್ದ ಮೈದುನ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ.

ಸ್ಕ್ರೂ ಅಕ್ಕ ಡಬ್ಬಿಯ ಪಕ್ಕದ ತಗಡು ಬಿಚ್ಚಿದಳು. ಒಳಗೆ ಚರ್ಮದ ಪುಡಿ, ದಾರದ ಚೂರು, ಬೂದುಬಣ್ಣದ ಧೂಳು. ಡಿಸ್ಕಿಗೆ ಹೋಗುವ ವೈರು ತೆಗೆದು ತನ್ನ ಹತ್ತಿರವಿದ್ದ ಹೊಸ ವೈರು ಹಾಕಿ, ಒಂದೇ ಒಂದು ಸಲ ನೋಡಿದಳು. ಅದೇ ಸಾಲು ಬಂತು. ಕೂಡಲೇ ಆರಿಸಿದಳು.

"ವೈರಿಂದಲ್ಲ. ಡಿಸ್ಕೇ ಸೋಲ್ತಾ ಇದೆ. ನೀವು ಬರೆದಿದ್ದೆಲ್ಲ ಇದರೊಳಗಿನ ತಟ್ಟೆ ಮೇಲಿದೆ. ಅದನ್ನ ಓದೋ ಮುಳ್ಳು ತಡವರಿಸ್ತಿದೆ. ಒಂದೊಂದು ಸಲ ಹಾಕಿದಾಗ್ಲೂ ಇನ್ನಷ್ಟು ಹಾಳಾಗತ್ತೆ."

"ಹೊಸದಾಗಿ ಸಾಫ್ಟ್‌ವೇರ್ ಹಾಕಿದ್ರೆ?" ಗಂಡ ಬಾಗಿಲಲ್ಲಿ ನಿಂತು ಕೇಳಿದ.

"ಇರೋ ಬರಹದ ಮೇಲೇ ಹೊಸ ಬರಹ ಬರೆದ ಹಾಗೆ. ಆಮೇಲೆ ನಾನಲ್ಲ, ನಮ್ಮ ಗುರುಗಳು ಬಂದ್ರೂ ಪೂರ್ತಿ ತೆಗೆಯೋಕಾಗಲ್ಲ. ಒತ್ತಿದ್ರಾ?"

"ಇವಳು ಬಿಡ್ಲಿಲ್ಲ."

"ಒಳ್ಳೇದಾಯ್ತು. ಬೆಳಿಗ್ಗೆಯಿಂದ ಈ ಅಂಗಡೀಲಿ ಆಗಿರೋ ಒಳ್ಳೆ ಕೆಲಸ ಅದೊಂದೇ."

ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಪಾದದಕ್ಕ ಜೊತೆಗೆ ಹೋದಳು. ತನ್ನ ಮೇಜಿನ ಮೇಲೆ ಸ್ಕ್ರೂ ಅಕ್ಕ ಅದನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿದಳು. ಈ ಡಿಸ್ಕಿನಿಂದ ಓದುವುದಷ್ಟೇ, ಅದರ ಮೇಲೆ ಒಂದಕ್ಷರವೂ ಬರೆಯಬಾರದು ಎಂದು ಕಂಪ್ಯೂಟರನ್ನು ಹೊಂದಿಸಿದಳು. ಬಂದದ್ದನ್ನು ಇಳಿಸಿಕೊಳ್ಳಲು ಹೊಸದೊಂದು ಡಿಸ್ಕ್ ಇಟ್ಟಳು. ಆಮೇಲೆ ಕಿವಿಗೊಟ್ಟು ಕೂತಳು.

"ಟಕ್ ಟಕ್ ಅಂದ್ರೆ ನಾನು ಇಲ್ಲಿಗೇ ನಿಲ್ಲಿಸ್ತೀನಿ ಪಾದದಕ್ಕಾ. ಆಗ ಇದನ್ನ ಬಿಚ್ಚಿ ನೋಡೋ ದೊಡ್ಡ ಲ್ಯಾಬಿಗೇ ಕಳಿಸ್ಬೇಕು. ಅವರ ಹತ್ರ ಧೂಳಿಲ್ಲದ ಕೋಣೆ ಇರತ್ತೆ. ನಾನು ಇಲ್ಲಿ ಬಿಚ್ಚಿದ್ರೆ ಕೊಂದ ಹಾಗೆ."

ಡಿಸ್ಕ್ ಗುಂಯ್ ಎಂದು ತಿರುಗಿತು. ಸದ್ದು ಬರಲಿಲ್ಲ. ಕಡತಗಳ ಹೆಸರು ಒಂದೊಂದಾಗಿ, ತಡೆದು ತಡೆದು, ಪರದೆಗೆ ಬಂದವು. ಪಾದದಕ್ಕ ಹಿಡಿದಿದ್ದ ಉಸಿರು ಬಿಟ್ಟಳು.

"ಈಗಲೇ ಹಿಗ್ಗಬೇಡಿ. ಇದು ಯಾವ ಕ್ಷಣ ಬೇಕಾದ್ರೂ ನಿಲ್ಲತ್ತೆ. ಮಾತು ಬರೋವಾಗ್ಲೇ ಬೇಕಾದ್ದನ್ನ ಕೇಳ್ಕೋಬೇಕು. ಮೊದಲು ಯಾರದ್ದು ತೆಗೀಲಿ?"

ಪಾದದಕ್ಕ ತಬ್ಬಿಬ್ಬಾದಳು. ಮುನ್ನೂರ ಹನ್ನೆರಡು ಜನರಲ್ಲಿ ಯಾರು ಮೊದಲು? ಕಣ್ಣು ಮುಚ್ಚಿದಳು. ಪಾದಗಳು ಸಾಲಾಗಿ ನೆನಪಿಗೆ ಬಂದವು. ಗಾಯ ಇನ್ನೂ ಮಾಯದವರು, ಒಮ್ಮೆ ಮಾಯ್ದು ಮತ್ತೆ ಆದವರು, ಬೆರಳು ತೆಗೆಸಿಕೊಂಡವರು. "ಅಂಚೆಯಮ್ಮಂದು ಮೊದಲು. ಆಮೇಲೆ ಬೇಕರಿಯವರದ್ದು. ಆಮೇಲೆ ಆ ಅವಳಿ ಅಕ್ಕತಂಗಿಯರದ್ದು..." ಹೀಗೆ ನಲವತ್ತು ಹೆಸರು ಹೇಳಿದಳು. ಕಾಗದ ನೋಡಲಿಲ್ಲ.

ಹನ್ನೊಂದಕ್ಕೆ ಅಂಚೆಯಮ್ಮ ಚೀಲ ಹೊತ್ತು ಬಂದಳು. ಗಂಡ ಅವಳ ಕಾಲನ್ನು ಮಣೆಯ ಮೇಲೆ ಇರಿಸಿಕೊಂಡು ನೋಡಿದ. ಕಿರುಬೆರಳಿನ ಬುಡದಲ್ಲಿ ಕೆಂಪು ಕಲೆ, ಮುಟ್ಟಿದರೆ ಬಿಸಿ.

"ನೋವಿದೆಯೇನಮ್ಮಾ?"

"ನಂಗೆಲ್ಲಿ ಗೊತ್ತಾಗತ್ತಪ್ಪಾ? ಕಲ್ಲು ಸೇರ್ಕೊಂಡ್ರೂ ಸಂಜೆ ಚಪ್ಪಲಿ ಕೊಡವಿದಾಗ್ಲೇ ಗೊತ್ತಾಗೋದು."

ಅವನಿಗೆ ದಾರಿ ಕಾಣಲಿಲ್ಲ. ಹೋದ ಸಲ ಮೆತ್ತೆಯನ್ನು ಯಾವ ಕಡೆ ಎತ್ತರಿಸಿದ್ದೆ? ಒಳಗಡೆಯೋ, ಹೊರಗಡೆಯೋ? ವರ್ಷಕ್ಕೆ ಎಷ್ಟು ಚಪ್ಪಲಿ ಹೊಲಿಯುತ್ತಾನೆ, ಕೈಗೆ ನೆನಪಿದ್ದರೂ ತಲೆಗೆ ಇರುವುದಿಲ್ಲ. ಅಂದಾಜಿನ ಮೇಲೆ ಇನ್ನೊಂದು ಪದರ ಹಾಕಿಕೊಡಲೇ ಎಂದು ಕತ್ತರಿ ಎತ್ತಿಕೊಂಡ. ಮತ್ತೆ ಕೆಳಗಿಟ್ಟ. ಅವಳ ಪಾದದ ಮೇಲೆ ಅಂದಾಜು ಮಾಡಲು ಧೈರ್ಯ ಬರಲಿಲ್ಲ.

ಹನ್ನೊಂದೂವರೆಗೆ ಪಾದದಕ್ಕ ಫೋನಿನಲ್ಲಿ ನಾಲ್ಕು ಚಿತ್ರ ಹಿಡಿದುಕೊಂಡು ಓಡಿ ಬಂದಳು. ಎರಡು ವರ್ಷದ ಹಿಂದೆ ಗಾಯವಾದದ್ದು ಹೆಬ್ಬೆರಳಿನ ಕೆಳಗೆ. ಅದಕ್ಕೆಂದು ಒಳಬದಿ ಎತ್ತರಿಸಿದ್ದರು. ಭಾರವೆಲ್ಲ ಈಗ ಹೊರಬದಿಗೆ ಸರಿದಿತ್ತು. ಒಳಬದಿಗೇ ಇನ್ನೊಂದು ಪದರ ಹಾಕಿದ್ದರೆ ಕೆಂಪು ಕಲೆ ಹುಣ್ಣಾಗುತ್ತಿತ್ತು.

ಗಂಡ ಚಿತ್ರವನ್ನೂ ಕಾಲನ್ನೂ ಎರಡೆರಡು ಸಲ ನೋಡಿ ಹೇಳಿದ. "ಈ ಚಪ್ಪಲಿ ಇಲ್ಲೇ ಬಿಟ್ಟು ಹೋಗಮ್ಮಾ. ಇದನ್ನ ಹಾಕ್ಕೊಂಡು ಇನ್ನೊಂದು ಹೆಜ್ಜೆ ಬೇಡ. ಇವತ್ತೇ ಡಾಕ್ಟರಿಗೆ ತೋರಿಸು. ಹೊಸದು ನಾನು ಮಾಡ್ತೀನಿ." ಮೈದುನ ಯಾರೂ ಕೇಳದೆಯೇ ಅವಳನ್ನು ಲಾರಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ.

ಸ್ಕ್ರೂ ಅಕ್ಕ ಅವತ್ತೂ ಮರುದಿನವೂ ಡಿಸ್ಕಿನ ಮುಂದೆ ಕೂತಳು. ಸ್ವಲ್ಪ ಓಡಿಸುವುದು, ಬಿಸಿಯಾದರೆ ಆರಿಸುವುದು, ತಣ್ಣಗಾದ ಮೇಲೆ ಮತ್ತೆ ಓಡಿಸುವುದು. ಮಂಗಳವಾರ ಮಧ್ಯಾಹ್ನ ಅದು ನಿಂತಿತು. ಮತ್ತೆ ತಿರುಗಲಿಲ್ಲ. ಅಷ್ಟು ಹೊತ್ತಿಗೆ ಇನ್ನೂರ ಎಂಬತ್ತಾರು ಜನರ ಚಿತ್ರ, ಬರಹ ಬಂದಿದ್ದವು. ಇಪ್ಪತ್ತಾರು ಜನರದ್ದು ಹೋಯಿತು.

ಆ ಇಪ್ಪತ್ತಾರು ಮಂದಿಗೂ ಪಾದದಕ್ಕ ಫೋನ್ ಮಾಡಿ ತಪ್ಪು ಒಪ್ಪಿಕೊಂಡಳು. ಹೆಚ್ಚಿನವರು ಮತ್ತೆ ಬಂದು ಅಳತೆ ಕೊಟ್ಟರು. ಗಾರೆ ಕೆಲಸದ ಹಿರಿಯನೊಬ್ಬ ಕಾಲು ಚಾಚಿ ಕೂತು "ಬರ್ಕೊಳ್ಳಮ್ಮಾ, ಎಲ್ಲಿಗೂ ಹೋಗಿಲ್ಲ ನನ್ನ ಕಾಲು" ಎಂದು ನಕ್ಕ. ಅವಳು ಬರೆದುಕೊಂಡಳು. ಇವತ್ತಿನ ಪಾದ ಬರೆಯಬಹುದು. ಏಳು ವರ್ಷದಲ್ಲಿ ಅದು ಹೇಗೆ ಹೇಗೆ ಬಾಗುತ್ತ ಬಂತು ಎಂಬುದನ್ನು ಮತ್ತೆ ಬರೆಯುವುದಕ್ಕಾಗುವುದಿಲ್ಲ. ಅದು ಅವಳಿಗೆ ಈಗಲೂ ಚುಚ್ಚುತ್ತದೆ.

ಅಂಚೆಯಮ್ಮನ ಕಲೆ ಹುಣ್ಣಾಗದೆ ಮೂರು ವಾರದಲ್ಲಿ ಮಾಯಿತು.

ಈಗ ಅಂಗಡಿಯ ಕಂಪ್ಯೂಟರಿಗೆ ಹೊಸ ಡಿಸ್ಕ್ ಬಂದಿದೆ. ಪ್ರತಿ ಶನಿವಾರ ಬಾಗಿಲು ಹಾಕುವ ಮೊದಲು ಪಾದದಕ್ಕ ಎಲ್ಲವನ್ನೂ ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿ ಮನೆಗೆ ಒಯ್ಯುತ್ತಾಳೆ. ತಿಂಗಳಿಗೊಮ್ಮೆ ಇನ್ನೊಂದು ನಕಲು ನಾದಿನಿಯ ಮನೆಗೆ ಹೋಗುತ್ತದೆ, ಯಾಕೆಂದರೆ ಬೆಂಕಿಯೋ ನೀರೋ ನುಗ್ಗಿದರೆ ಒಂದು ಮನೆಯಲ್ಲಿದ್ದದ್ದು ಪೂರ್ತಿ ಹೋಗುತ್ತದೆ. ಜನರ ಕಾಯಿಲೆಯ ವಿಷಯ ಕಂಡವರ ಕಣ್ಣಿಗೆ ಬೀಳಬಾರದೆಂದು ಎರಡಕ್ಕೂ ಪಾಸ್‌ವರ್ಡ್ ಹಾಕಿದ್ದಾಳೆ. ನಕಲು ಆದಮೇಲೆ ಅದರಿಂದ ಒಂದೆರಡು ಚಿತ್ರ ತೆರೆದು ನೋಡುವುದನ್ನೂ ಸ್ಕ್ರೂ ಅಕ್ಕ ಹೇಳಿಕೊಟ್ಟಿದ್ದಾಳೆ. "ತೆರೆಯದ ನಕಲು ಇದೆಯೋ ಇಲ್ವೋ ಅಂತ ಯಾರಿಗ್ ಗೊತ್ತು?" ಎನ್ನುತ್ತಾಳೆ. ಒಂದು ಶನಿವಾರ ಪಾದದಕ್ಕ ಚೀಲ ಎತ್ತಿಕೊಂಡು ಹೊರಟಾಗ ಗಂಡನೇ ತಡೆದು "ನಕಲು ಮಾಡಿದ್ಯೇನೇ? ತೆರೆದು ನೋಡಿದ್ಯೇನೇ?" ಎಂದು ಕೇಳಿದ. ಮೈದುನ ತನ್ನ ಆಫೀಸಿನಲ್ಲೂ ಹೇಳಿ, ಬಾಡಿಗೆಯ ಕಾಗದಗಳಿಗೆಲ್ಲ ನಕಲು ಮಾಡಿಸಿದ್ದಾನೆ. ಮೊದಲಿಗೆ ಹೇಳಿದವನು ತಾನೇ ಎಂದೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಓದುತ್ತಿರುವವರೇ, ನಿಮ್ಮ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಏನಿದೆ ಎಂದು ಒಂದು ಗಳಿಗೆ ಯೋಚಿಸಿ. ಮಗುವಿನ ಮೊದಲ ಹೆಜ್ಜೆ ಇರಬಹುದು, ಸಂಘದ ಸದಸ್ಯರ ಪಟ್ಟಿ ಇರಬಹುದು, ತೀರಿಕೊಂಡವರ ದನಿ ಇರಬಹುದು. ಅದು ಒಂದೇ ಕಡೆ ಇದ್ದರೆ ಇಲ್ಲವೆಂದೇ ತಿಳಿಯಿರಿ. ಕಂಪ್ಯೂಟರ್ ಏಳದಿದ್ದರೆ ಮೊದಲು ಪ್ಲಗ್ಗು, ವೈರು ನೋಡಿ. ಒಳಗಿನಿಂದ ಟಕ್ ಟಕ್ ಕೇಳಿದರೆ ಆರಿಸಿ, ಮತ್ತೆ ಹಾಕಬೇಡಿ. ಅಳಿಸಲೇ ಎಂದು ಅದು ಕೇಳಿದಾಗ ಓದದೆ ಒತ್ತಬೇಡಿ, ಬೇರೆಯವರಿಗೂ ಒತ್ತಲು ಬಿಡಬೇಡಿ. ತಿಳಿದವರನ್ನು ಕರೆಯಿರಿ.

ನಕಲು ಮಾಡುವುದಕ್ಕೆ ಮಾತ್ರ ಯಾರನ್ನೂ ಕಾಯಬೇಕಿಲ್ಲ. ಈ ಕಾಗದ ಕೆಳಗಿಟ್ಟ ಕೂಡಲೇ ಎದ್ದು ಹೋಗಿ, ಇವತ್ತೇ ಮಾಡಿ.