ಹುದುಲಿಗೊಂದು ಚೀಟಿ

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ನನ್ನ ಕೆಲಸ ಪದ, ಅರ್ಥ, ಪ್ರಯೋಗ ಬರೆದ ಚೀಟಿಗಳಿಗೆ ಗೋಂದು ಹಚ್ಚಿ ರಟ್ಟಿನ ಮೇಲೆ ಅಂಟಿಸುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೇ ಹೆಚ್ಚು ಎಂದು ಸಂಪಾದಕರ ಅಭಿಪ್ರಾಯ. ಅವರು ನನ್ನನ್ನು ಕರೆಯುವುದೇ ಗೋಂದಮ್ಮ ಎಂದು.

ಆ ವಾರ ‘ಕ್ವಾಗ್‌ಮೈರ್’ ಎಂಬ ಇಂಗ್ಲಿಷ್ ಪದದ ಸರದಿ. ಸಂಪಾದಕರೂ ಉಪಸಂಪಾದಕರೂ ಮೂರು ದಿನ ಗಾಳಿ ಗುದ್ದಿ ಮೈ ನೋಯಿಸಿಕೊಂಡರು. ನಾಲ್ಕು ಹನಿ ಬಿದ್ದರೆ ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮೆಟ್ಟಿಲಿಳಿಯುವ ಜನ ಇವರು!

“ಒದ್ದೆ ನೆಲ ಅಂತ ಬರೀರಿ, ಸಾಕು,” ಎಂದರು ಸಂಪಾದಕರು.

“ಬಚ್ಚಲೂ ಒದ್ದೆ ನೆಲಾನೇ ಸಾರ್,” ಎಂದರು ಉಪಸಂಪಾದಕರು.

“ಹಾಗಾದ್ರೆ ಕೆಸರು ಅನ್ನಿ. ಎರಡನೇ ಅರ್ಥ, ಬಿಡಿಸಿಕೊಳ್ಳೋಕಾಗದ ತೊಡಕು. ಉದಾಹರಣೆಗೆ, ನಿಮ್ಮ ಮದುವೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದು ಕೆಸರಲ್ಲ. ಮೇಲೆ ಹಸಿರು ಹುಲ್ಲು. ಕಾಲಿಟ್ಟರೆ ಮಲಗಿದ ದನದ ಹೊಟ್ಟೆಯಂತೆ ಅದುರುತ್ತದೆ. ಎರಡನೇ ಹೆಜ್ಜೆಗೆ ತೊಡೆಯವರೆಗೆ ಎಳೆದುಕೊಳ್ಳುತ್ತದೆ. ನಾವು ಅದನ್ನು ಹುದುಲು ಎನ್ನುತ್ತೇವೆ. ಜೊಂಡು ಕೊಯ್ಯಲು ಹೋದ ನನ್ನ ಅಪ್ಪ ಸತ್ತದ್ದು ಅದರಲ್ಲೇ. ಅಪ್ಪನನ್ನು ನುಂಗಿದ್ದನ್ನು ಇವರು ಬಚ್ಚಲ ನೆಲ ಮಾಡಿ ಅಚ್ಚು ಹಾಕಿಸುತ್ತಾರೆ, ಆ ಚೀಟಿಯನ್ನು ನಾನೇ ಅಂಟಿಸಬೇಕು!

ಕೆಲಸಕ್ಕೆ ಸೇರಿದ ಮೂರು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟೆ. “ಸಾರ್, ಅದಕ್ಕೆ ಹುದುಲು ಅಂತಾರೆ.”

“ಯಾರು ಅಂತಾರೆ?”

“ಎಲ್ಲಾರೂ. ನಮ್ಮಮ್ಮ...”

“ನಿಮ್ಮಮ್ಮ ಯಾವ ಪುಸ್ತಕ ಬರೆದಿದ್ದಾರೆ?” ಎಂದರು ಸಂಪಾದಕರು. “ಅಚ್ಚಲ್ಲಿ ಬರದ ಪದ ಪದವೇ ಅಲ್ಲಮ್ಮಾ. ತಾರೀಖು, ಪುಟ ಎರಡೂ ಬೇಕು. ಹೋಗು, ಗೋಂದು ಒಣಗ್ತಿದೆ.”

ಮರುದಿನ ಅಮ್ಮನಿಗೆ ಹೇಳದೆ ಅವಳ ಪೆಟ್ಟಿಗೆಯಿಂದ ಹಳೆಯ ಪತ್ರಿಕೆಯ ಹಾಳೆ ತಂದೆ. ಮೂರನೇ ಪುಟದ ಮೂಲೆಯಲ್ಲಿತ್ತು: ‘ಜೊಂಡು ಕೊಯ್ಯಲು ಇಳಿದ ಕೂಲಿಯೊಬ್ಬ ಹುದುಲಿನಲ್ಲಿ ಹೂತು ಮೃತಪಟ್ಟಿದ್ದಾನೆ.’ ಕೆಳಗೆ ಅಪ್ಪನ ಹೆಸರು, ವಯಸ್ಸು.

ಓದಿ ಸಂಪಾದಕರ ಮುಖ ಅರಳಿತು. “ಭೇಷ್! ಎಂಥ ಖಚಿತ ಪ್ರಯೋಗ ನೋಡ್ರೀ! ತಾರೀಖೂ ಇದೆ, ಪುಟವೂ ಇದೆ.”

ಉಪಸಂಪಾದಕರು ಬಗ್ಗಿ ನೋಡಿದರು. “ಸತ್ತೂ ನಮ್ಮ ಕೆಲಸಕ್ಕೆ ಬಂದನಲ್ಲ ಪುಣ್ಯಾತ್ಮ!”

“ನಮ್ಮಪ್ಪ,” ಎಂದೆ.

ಸಂಪಾದಕರು ಹಾಳೆಯನ್ನು ನನ್ನತ್ತ ಸರಿಸಿದರು. “ಅಯ್ಯೋ ಪಾಪ... ಹೆಸರು ಮಾತ್ರ ಕತ್ತರಿಸಿಬಿಡಮ್ಮಾ. ನಿಘಂಟಿನಲ್ಲಿ ವ್ಯಕ್ತಿಗಳ ಹೆಸರು ಬರೋ ಹಾಗಿಲ್ಲ.”

ಇಂಥವರೆದುರು ಕಣ್ಣೀರು ಹಾಕುವುದೂ ದಂಡ. ಹೆಸರಿನ ಸಾಲನ್ನು ಕತ್ತರಿಸಿ ನನ್ನ ಚೀಲದಲ್ಲಿಟ್ಟುಕೊಂಡೆ. ಉಳಿದ ವಾಕ್ಯವನ್ನು, ನಾಲ್ಕು ಮೂಲೆಗೂ ಗೋಂದು ಹೆಚ್ಚೇ ಹಚ್ಚಿ, ರಟ್ಟಿನ ಮೇಲೆ ಒತ್ತಿದೆ. ಇನ್ನು ಕಿತ್ತರೆ ರಟ್ಟೇ ಹರಿಯಬೇಕು.

ಬೆನ್ನ ಹಿಂದೆ ಸಂಪಾದಕರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: “ಹುದುಲು ಕಣ್ರೀ, ಹುದುಲು! ಎಷ್ಟು ವರ್ಷದಿಂದ ಹುಡುಕ್ತಿದ್ದೆ ಈ ಪದಾನ!”