ಕತ್ತರಿಯಣ್ಣನ ಹುಲ್ಲು

“ಹಿಂದಿನ ಗೇಟಿಂದ ಹೋಗೋಣ” ಎಂದು ಮಗಳು ಮೂರನೇ ಸಲ ಹೇಳಿದಾಗ, ಗಾಡಿಯ ಡ್ರೈವರು ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಅವಳ ಚಿಕ್ಕಪ್ಪನ ಮುಖ ನೋಡಿದ. ಪೆಟ್ಟಿಗೆಯನ್ನು ಗಾಡಿಗೆ ಏರಿಸಿಯಾಗಿತ್ತು. ಒಳಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬದುಕಿದ್ದಾಗ ಒಂದು ದಿನವೂ ಕಾಣದಷ್ಟು ಚೊಕ್ಕಟವಾಗಿ ಮಲಗಿದ್ದ.

“ಹಿಂದಿನ ಗೇಟು ಯಾಕೆ?” ಚಿಕ್ಕಪ್ಪ ಕೇಳಿದ. “ಅಲ್ಲಿ ಕಸದ ತೊಟ್ಟಿ ಬಿಟ್ರೆ ಇನ್ನೇನಿದೆ? ಸ್ಮಶಾನದ ಮುಂದಿನ ಹುಲ್ಲುಹಾಸನ್ನ ಹದಿನೆಂಟು ವರ್ಷ ಮಗು ಥರ ಸಾಕಿದೋನು ನಮ್ಮಣ್ಣ. ಅವನನ್ನ ಕದ್ದುಮುಚ್ಚಿ ತಗೊಂಡು ಹೋಗ್ತೀಯಾ?”

“ಮುಂದೆ ಗಾಡಿ ನಿಲ್ಸೋಕೆ ಜಾಗ ಸಿಗಲ್ಲ ಚಿಕ್ಕಪ್ಪ.”

“ಸ್ಮಶಾನದ ಮುಂದೆ ಜಾಗ ಸಿಗಲ್ವಾ? ಏನು, ಸಿನಿಮಾ ಬಿಟ್ಟಿದೆಯಾ ಅಲ್ಲಿ?”

ನೆರೆಮನೆಯವರಲ್ಲಿ ಯಾರೋ ನಕ್ಕು, ನಗಬಾರದಿತ್ತು ಎಂದು ನೆನಪಾಗಿ ಕೆಮ್ಮಿದರು. ಮುಂದಿನ ಗೇಟೇ ಎಂದು ತೀರ್ಮಾನವಾಯಿತು.

ಮಗಳು ವ್ಯಾನಿನ ಕೀಲಿಕೈ ತೆಗೆದುಕೊಂಡಳು. ಮೂವತ್ತೈದು ತುಂಬಿದ ಹೆಂಗಸು ಅವಳು. ಆರು ವರ್ಷದಿಂದ ಅಪ್ಪನ ಜೊತೆ ಹುಲ್ಲು ಕತ್ತರಿಸುವ ಯಂತ್ರ ತಳ್ಳಿದವಳು, ಪೊದೆಯಿಂದ ಹಾವು ಹೊರಟರೆ ಕೆಲಸದವರಿಗಿಂತ ಮುಂಚೆ ಕೋಲು ಹಿಡಿಯುವವಳು. ಈಗ ಒಂದು ತುಂಡು ಹುಲ್ಲಿಗೆ ಹೆದರಿ ಅವಳ ಹಲ್ಲು ಹಲ್ಲಿಗೆ ತಾಗುತ್ತಿತ್ತು. ಏಕೆಂದರೆ ಆ ಹುಲ್ಲು ಸಾಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ವಿಷ ಹೊಡೆದವಳು ತಾನೇ ಎಂಬುದೂ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ನಿನ್ನೆ ಸಂಜೆ ಸ್ಮಶಾನದ ಕಾವಲುಗಾರ ಫೋನಿನಲ್ಲಿ, “ಗುಂಡಿ ಎಲ್ಲ ತಯಾರಾಗಿದೆ ಕಣಮ್ಮ. ಆದ್ರೆ ಮುಂದಿನ ಹುಲ್ಲು ಯಾಕೋ ಬಣ್ಣ ತಿರುಗಿದೆ. ಬಂದಾಗ ನೋಡು” ಎಂದಿದ್ದ.

ಶವದ ಗಾಡಿಯ ಹಿಂದೆ ಅವರ ಕೆಲಸದ ವ್ಯಾನು ಹೊರಟಿತು. ಮಗಳೇ ಓಡಿಸುತ್ತಿದ್ದಳು. ಪಕ್ಕದಲ್ಲಿ ಅಮ್ಮ, ಹಿಂದೆ ಚಿಕ್ಕಪ್ಪ ಮತ್ತು ಮೀಸೆ. ಮೀಸೆ ಎಂದರೆ ಅಪ್ಪ ಇಟ್ಟುಕೊಂಡ ಮೊದಲ ಕೆಲಸದಾಳು. ಮೀಸೆ ಬೋಳಿಸಿ ಹತ್ತು ವರ್ಷವಾಗಿದ್ದರೂ ಹೆಸರು ಬಿಟ್ಟಿರಲಿಲ್ಲ.

“ಆಸ್ಪತ್ರೇಲಿ ಆರು ದಿನ ಮಲಗಿದ್ರೂ ಒಂದು ಸಲ ಕಣ್ಣು ಬಿಡ್ಲಿಲ್ಲ ನೋಡಿ,” ಎಂದ ಮೀಸೆ. “ಬಿಟ್ಟಿದ್ರೆ ಕೇಳ್ತಿದ್ದೆ, ಅಣ್ಣಾ, ಆ ಉರಿಬಿಸಿಲಲ್ಲಿ ಪೈಪು ಹಿಡ್ಕೊಂಡು ನಿಂತಿದ್ಯಲ್ಲ, ಯಾಕೆ ಅಂತ.”

“ಅದೇ ನನ್ನ ತಲೇನೂ ತಿಂತಿರೋದು,” ಅಮ್ಮ ಎಂದಳು. “ಊಟಕ್ಕೆ ಬನ್ನಿ ಅಂತ ಕರೆದೆ. ಶೆಡ್ಡಿಂದ ಹಾಗೇ ಹೊರಟೇಬಿಟ್ಟರು. ಹೀಗೆ ಹೋಗಿ ಹಾಗೆ ಬಂದೆ ಅಂದರು. ಮಧ್ಯಾಹ್ನ ಹುಲ್ಲಿಗೆ ನೀರು ಹಾಕಬಾರದು ಅಂತ ನಮಗೆಲ್ಲ ಬೈತಿದ್ದವರು ಅವರೇ ಅಲ್ವಾ?” ಅಮ್ಮ ಮಗಳ ಕಡೆ ತಿರುಗಿದಳು. “ಏನಿತ್ತೇ ಅಂಥಾ ಅವಸರ? ನಿನಗೇನಾದ್ರೂ ಹೇಳಿದ್ರಾ?”

“ಇಲ್ಲಮ್ಮ.”

ಅದು ಸುಳ್ಳಲ್ಲ. ಆದರೆ ನಿಜ ಹೇಳಿದ ಸಮಾಧಾನವೂ ಅವಳಿಗೆ ಆಗಲಿಲ್ಲ.

*

ಅಪ್ಪ ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು. ಗೆರೆ ಎಳೆಯದೆ ನೆಟ್ಟಗೆ ಕತ್ತರಿಸುತ್ತಾನೆಂದು ಅಲ್ಲಿ ಅವನಿಗೆ ಕತ್ತರಿಯಣ್ಣ ಎಂಬ ಹೆಸರು ಬಿದ್ದಿತ್ತು. ಕಾರ್ಖಾನೆ ಬಾಗಿಲು ಹಾಕಿದಾಗ ಹೆಸರೊಂದನ್ನೇ ತೆಗೆದುಕೊಂಡು ಮನೆಗೆ ಬಂದ. ಎರಡು ತಿಂಗಳು ಗೋಡೆ ನೋಡುತ್ತ ಕುಳಿತವನು ಒಂದು ಬೆಳಿಗ್ಗೆ ಗುಜರಿಯಿಂದ ಕೈಯಲ್ಲಿ ತಳ್ಳುವ ಹುಲ್ಲಿನ ಯಂತ್ರವೊಂದನ್ನು ಹೊತ್ತು ತಂದ.

“ನಮ್ಮನೇಲಿ ಹುಲ್ಲೇ ಇಲ್ಲ. ಇದರಲ್ಲಿ ನನ್ನ ತಲೆ ಬೋಳಿಸ್ತೀರಾ?” ಎಂದು ಅಮ್ಮ ಕೇಳಿದ್ದಳು. ಕೇಳಿದವಳೇ ಸಂಜೆ ಕೂತು ಅದರ ಅಲಗುಗಳಿಗೆ ಸಾಣೆ ಹಿಡಿದಳು.

ಮೊದಲ ಗಿರಾಕಿ ಒಬ್ಬ ಹಲ್ಲಿನ ಡಾಕ್ಟರು. ಅವರ ಹುಲ್ಲನ್ನು ಅಪ್ಪ ಬಟ್ಟೆಯ ಹಾಗೆ ನೆಟ್ಟಗೆ ಕತ್ತರಿಸಿದ. ನೆಟ್ಟಗೇನೋ ಇತ್ತು, ಆದರೆ ಬುಡದ ತನಕ. ನಾಲ್ಕು ದಿನದಲ್ಲಿ ಅದು ಸುಟ್ಟ ರೊಟ್ಟಿಯ ಬಣ್ಣಕ್ಕೆ ಬಂತು. ಡಾಕ್ಟರು ಕರೆಸುವ ಮುಂಚೆಯೇ ಅಪ್ಪ ಹೋಗಿ ಅವರ ಬಾಗಿಲು ತಟ್ಟಿ, ಚಿಗುರುವ ತನಕ ದಿನಾ ನೀರು ಹಾಕುತ್ತೇನೆ ಎಂದ. ನಲವತ್ತು ಬೆಳಿಗ್ಗೆ ಹಾಕಿದ. ಆ ಬೀದಿಯ ಉಳಿದ ಒಂಬತ್ತು ಮನೆಗಳು ಸಿಕ್ಕಿದ್ದು ಆ ಕೆಟ್ಟ ಹುಲ್ಲಿನಿಂದಲೇ. ಆಮೇಲೆ ಮೋಟಾರಿನ ಯಂತ್ರ ಬಂತು, ಮೀಸೆ ಬಂದ, ಇನ್ನಿಬ್ಬರು ಬಂದರು, ವ್ಯಾನು ಬಂತು. ಹೆಣಗಳ ಜಾಗ ಎಂದು ಬೇರೆಯವರು ಒಪ್ಪದ ಸ್ಮಶಾನದ ಕೆಲಸವನ್ನು ಅಪ್ಪ ನಗುತ್ತ ಹಿಡಿದ. “ಮೇಲಿರೋ ಗಿರಾಕಿಗಳಿಗಿಂತ ಕೆಳಗಿರೋರು ವಾಸಿ. ತಕರಾರು ಮಾಡಲ್ಲ” ಎನ್ನುತ್ತಿದ್ದ. ಹಲ್ಲಿನ ಡಾಕ್ಟರ ನಂತರ ಕತ್ತರಿಯಣ್ಣ ಯಾರ ಹುಲ್ಲನ್ನೂ ಕೆಡಿಸಿದವನಲ್ಲ. ಅದೊಂದೇ ಅವನ ಜಂಬ, ಸ್ವಲ್ಪ ಜಾಸ್ತಿಯೇ ಇತ್ತು.

*

ಅವರ ಶೆಡ್ಡಿನಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಎರಡು ಸಿಂಪಡಿಸುವ ಡಬ್ಬಿಗಳಿದ್ದವು. ಎರಡೂ ನೀಲಿ, ಎರಡೂ ಒಂದೇ ಅಳತೆಯವು. ಒಂದರಲ್ಲಿ ಹುಲ್ಲಿಗೆ ಹಾಕುವ ಗೊಬ್ಬರದ ನೀರು, ಇನ್ನೊಂದರಲ್ಲಿ ಕಾಲುದಾರಿಯ ಕಳೆ ಸುಡುವ ಔಷಧಿ. ಔಷಧಿ ಎನ್ನುವುದು ಬಾಯಿಮಾತು, ಅದು ಹಸಿರು ಕಂಡದ್ದನ್ನೆಲ್ಲ ಕೊಲ್ಲುವ ವಿಷ. ಆ ಡಬ್ಬಿಯ ಹಿಡಿಗೆ ಅಪ್ಪ ಹಳೇ ಟವಲಿನ ಚೂರೊಂದನ್ನು ಗಂಟು ಹಾಕಿದ್ದ. ಗುರುತು ಅಷ್ಟೇ. ಆ ಚೂರು ಕೊಳೆತು ನಾರಿದರೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಮಗಳಿಗೆ ಕೊಳಕು ಕಂಡರಾಗದು. ಏಳು ದಿನದ ಹಿಂದೆ ಬೆಳಿಗ್ಗೆ, ಅಪ್ಪ ಎರಡೂ ಡಬ್ಬಿ ತುಂಬಿಸಿಟ್ಟು ಹೋದ ಮೇಲೆ, ಅವಳು ಆ ಚೂರನ್ನು ಬಿಚ್ಚಿ ಸೋಪು ಹಚ್ಚಿ ತೊಳೆದಳು. ಅದು ಒಣಗುವಷ್ಟರಲ್ಲಿ ಡಬ್ಬಿಗಳನ್ನೂ ಹೊರಗೆ ತಂದು ಒರೆಸಿ ಒಳಗಿಟ್ಟಳು. ಆಮೇಲೆ ಚೂರನ್ನು ಕಟ್ಟಿದಳು, ಒಂದಕ್ಕೆ. ಗೊಬ್ಬರದ ನೀರು ಮೀನಿನ ವಾಸನೆ ಹೊಡೆಯುತ್ತದೆ. ಮುಚ್ಚಳ ತೆಗೆದು ಮೂಸಿದ್ದರೆ ತಿಳಿಯುತ್ತಿತ್ತು. ಅವತ್ತು ಅವಳಿಗೆ ನೆಗಡಿ.

ಹತ್ತು ಗಂಟೆಯ ಹೊತ್ತಿಗೆ ಗುರುತಿಲ್ಲದ ಡಬ್ಬಿ ಹೊತ್ತು ಸ್ಮಶಾನದ ಮುಂದಿನ ಹುಲ್ಲಿಗೆಲ್ಲ ಸಿಂಪಡಿಸಿ, ಹಾಡು ಗುನುಗುತ್ತ ಬೇರೆ ಕೆಲಸಕ್ಕೆ ಹೋದಳು. ಮಧ್ಯಾಹ್ನ ಮೂರಕ್ಕೆ ಕಾವಲುಗಾರನ ಫೋನು ಬಂತು. ಅಪ್ಪ ಹುಲ್ಲಿನ ಮೇಲೆ ಬಿದ್ದಿದ್ದಾನೆ, ಪೈಪು ಇನ್ನೂ ಹರಿಯುತ್ತಿದೆ ಎಂದ.

ಆಸ್ಪತ್ರೆಯ ಮೂರನೇ ದಿನ ಯಾವುದೋ ಕಾಗದ ಹುಡುಕಿಕೊಂಡು ಶೆಡ್ಡಿಗೆ ಬಂದವಳಿಗೆ, ಟವಲಿನ ಚೂರು ಕಟ್ಟಿದ ಡಬ್ಬಿಯ ಮುಚ್ಚಳ ತೆರೆದಿದ್ದು ಕಣ್ಣಿಗೆ ಬಿತ್ತು. ನೆಗಡಿ ಬಿಟ್ಟಿತ್ತು. ಮೀನಿನ ವಾಸನೆ ಮೂಗಿಗೆ ಬಡಿದಾಗ ಎಲ್ಲವೂ ಒಮ್ಮೆಗೇ ತಿಳಿಯಿತು. ವಿಷ ಹೀರುವ ಮುಂಚೆಯೇ ತೊಳೆದರೆ ಹುಲ್ಲು ಉಳಿದರೂ ಉಳಿದೀತು. ಅಪ್ಪ ಆ ಮುಚ್ಚಳ ತೆಗೆದು ನೋಡಿದವನು ಊಟ ಬಿಟ್ಟು ಓಡಿದ್ದ. ಅವಳು ಶೆಡ್ಡಿನ ನೆಲದ ಮೇಲೆ ಕುಕ್ಕರಿಸಿದಳು. ಹುಲ್ಲನ್ನು ಮಾತ್ರವಲ್ಲ, ಅಪ್ಪನನ್ನೂ ಕೊಂದೆನೇನೋ ಎಂಬ ಭಯ ಹುಟ್ಟಿದ್ದು ಅವತ್ತು.

*

ಗೇಟಿನ ಮುಂದೆ ಗಾಡಿ ನಿಂತಿತು. ಎಲ್ಲರೂ ಇಳಿದರು, ಎಲ್ಲರೂ ನೋಡಿದರು.

ದೂರದ ಅರ್ಧ ಒಣಗಿದ ಗೋಣಿಯ ಬಣ್ಣಕ್ಕೆ ತಿರುಗಿತ್ತು. ಗೇಟಿನ ಕಡೆಯ ಅರ್ಧ ಹಸಿರಾಗಿತ್ತು. ನಡುವಿನ ಅಂಚು ನೇರವಾಗಿರಲಿಲ್ಲ, ಬೀಸಣಿಗೆಗಳನ್ನು ಸಾಲಾಗಿ ಬಿಚ್ಚಿಟ್ಟಂತೆ ಬಾಗಿ ಬಾಗಿ ಹೋಗಿತ್ತು. ಒಬ್ಬ ಮನುಷ್ಯ ಒಂದೆಡೆ ನಿಂತು ಪೈಪನ್ನು ಎಡದಿಂದ ಬಲಕ್ಕೆ ಬೀಸಿ, ಆಮೇಲೆ ನಾಲ್ಕು ಹೆಜ್ಜೆ ಸರಿದು ಮತ್ತೆ ಬೀಸಿದರೆ ನೀರು ಬೀಳುವ ಆಕಾರ ಅದು. ಒಟ್ಟು ಒಂಬತ್ತು ಬೀಸಣಿಗೆ. ಕೊನೆಯದು ಅರ್ಧಕ್ಕೇ ನಿಂತಿತ್ತು.

ಮಗಳು ಗೇಟಿನ ಕಂಬ ಹಿಡಿದುಕೊಂಡಳು. ಅಪ್ಪ ಎಷ್ಟು ದೂರ ಬಂದಿದ್ದ, ಎಲ್ಲಿ ಬಿದ್ದ ಎಂಬುದನ್ನು ಈಗ ಯಾರು ಬೇಕಾದರೂ ಓದಬಹುದಿತ್ತು.

“ಅಯ್ಯೋ,” ಮೀಸೆ ಮೆಲ್ಲಗೆ ಎಂದ. ಈ ಕಸುಬಿನವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. “ಇದು ಕಳೆ ಔಷಧಿ. ಯಾರು ಹೊಡೆದ್ರು ಇದನ್ನ?”

ಅಷ್ಟರಲ್ಲಿ ಕಾವಲುಗಾರ ಟೋಪಿ ತೆಗೆದು ಮುಂದೆ ಬಂದ.

“ಅವರೇ ಹೇಳಿದ್ರು ನನಗೆ. ಯಾರಿಗೂ ಹೇಳ್ಬೇಡ ಅಂದಿದ್ರು, ಇನ್ನು ಮುಚ್ಚಿಟ್ಟು ಏನು? ‘ಡಬ್ಬಿ ಅದಲುಬದಲು ಮಾಡ್ಬಿಟ್ಟೆ ಮಾರಾಯ, ಕಣ್ಣು ಮಂಜಾಗಿದೆ’ ಅಂದ್ರು. ಸ್ವಲ್ಪ ಕೂತ್ಕೊಳ್ಳಿ ಅಂದೆ. ಕೇಳ್ಲಿಲ್ಲ. ನೀರು ಬೀಸ್ತಾನೇ ಇದ್ರು, ಮುಖವೆಲ್ಲ ಬಿಳಿಚಿಹೋಗಿತ್ತು.”

“ಅಣ್ಣಾನಾ?” ಚಿಕ್ಕಪ್ಪನ ದನಿ ಒಡೆಯಿತು. “ಅವನು ಇಂಥ ತಪ್ಪು ಮಾಡಿದ್ನಾ?”

“ವಯಸ್ಸಾಗಿತ್ತಲ್ಲ,” ಮೀಸೆ ಕಣ್ಣೊರೆಸಿಕೊಂಡ. “ಮುಪ್ಪು ಯಾರನ್ನ ಬಿಡುತ್ತೆ? ಹೊರಗಿನವರಿಗೆ ಹುಳ ಬಿತ್ತು ಅಂತ ಹೇಳೋಣ ಬಿಡಿ. ನಾಳೆಯಿಂದ ತಾಯಿ ನಡೆಸ್ತಾರೆ, ಅವರ ಕೈ ಗಟ್ಟಿಯಾಗಿದೆ.” ತಾಯಿ ಎಂದದ್ದು ಮಗಳನ್ನು.

ಆ ಮಾತುಗಳು ಅವಳಿಗೆ ಬಚಾವಾಗುವ ದಾರಿ ತೋರಿಸುತ್ತಿದ್ದವು. ಸುಮ್ಮನಿದ್ದರೆ ಸಾಕು. ಅಪ್ಪನೇ ಹೇಳಿಹೋದ ಸುಳ್ಳು, ಅಪ್ಪನೇ ಬಯಸಿದ್ದು. ಅವನು ಎಲ್ಲವನ್ನೂ ಮೈಮೇಲೆ ಎಳೆದುಕೊಂಡು ಮಣ್ಣಿಗೆ ಹೋಗುತ್ತಾನೆ, ಇವಳು ಗಟ್ಟಿ ಕೈಯವಳಾಗಿ ಉಳಿಯುತ್ತಾಳೆ. ಅಮ್ಮನಿಗೆ ತಿಳಿಯುವುದಿಲ್ಲ. ಅಮ್ಮನಿಗೆ ತಿಳಿದರೆ ಏನಾದೀತು? ಇಡೀ ಜೀವಮಾನದಲ್ಲಿ ಅವಳು ಅಷ್ಟು ಹೆದರಿದ್ದಿಲ್ಲ.

ನೆರೆಮನೆಯವನೊಬ್ಬ ಪಕ್ಕದವನ ಕಿವಿಯಲ್ಲಿ, “ಹದಿನೆಂಟು ವರ್ಷ ನೋಡ್ಕೊಂಡು ಕೊನೆಗೆ ಅವನೇ ಸುಟ್ಟುಬಿಟ್ನಲ್ಲ” ಎಂದದ್ದು ಎಲ್ಲರಿಗೂ ಕೇಳಿಸಿತು.

“ಅಪ್ಪ ಅಲ್ಲ,” ಎಂದಳು ಮಗಳು.

ಎಲ್ಲರೂ ತಿರುಗಿದರು.

“ಅಪ್ಪ ಸುಳ್ಳು ಹೇಳಿದಾರೆ. ಡಬ್ಬಿಯ ಗಂಟು ಬಿಚ್ಚಿ ತೊಳೆದವಳು ನಾನು. ಅದಲುಬದಲು ಕಟ್ಟಿದವಳು ನಾನು. ಇಲ್ಲಿ ಹೊಡೆದವಳೂ ನಾನೇ. ಅವರು ಅದನ್ನ ತೊಳೆಯೋಕೆ ಬಂದಿದ್ದು.” ಅಮ್ಮನ ಕಡೆ ತಿರುಗಿದಳು. “ಅಮ್ಮಾ, ಅವತ್ತಿನ ಅವಸರ ಅದಕ್ಕೇ.”

ಅಮ್ಮ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದುಹೋದಳು, ಅರ್ಧಕ್ಕೆ ನಿಂತ ಬೀಸಣಿಗೆಯ ತನಕ. ಅಲ್ಲಿ ಬಗ್ಗಿ ಅಂಗೈಯನ್ನು ಹಸಿರಿನಿಂದ ಹಳದಿಗೆ ಸವರಿದಳು. ಮಗಳು ಹಿಂದೆ ಹೋಗಿ, ಹತ್ತಿರ ಹೋಗುವ ಧೈರ್ಯ ಸಾಲದೆ, ನಾಲ್ಕು ಹೆಜ್ಜೆ ಆಚೆ ನಿಂತಳು.

“ನೀರು ಹಾಕಿದ್ರೆ ಇದು ಬರುತ್ತಾ?” ಅಮ್ಮ ತಿರುಗದೆ ಕೇಳಿದಳು.

“ಇಲ್ಲಮ್ಮ. ಅಗೆದು ತೆಗೆದು ಹೊಸದು ಹಾಕ್ಬೇಕು.”

“ಎಷ್ಟು ದಿನ ಬೇಕು?”

“ಮೂರು ತಿಂಗಳಾದ್ರೂ ಬೇಕು.”

“ಅಲ್ಲೀತನಕ ಬಂದವರೆಲ್ಲ ನೋಡ್ತಾರೆ.”

“ನೋಡ್ತಾರಮ್ಮ.”

ಅಮ್ಮ ಎದ್ದಳು. ಮಗಳ ಮುಖವನ್ನು ತುಂಬ ಹೊತ್ತು ನೋಡಿದಳು. ಆ ನೋಟದಲ್ಲಿ ಏನಿದೆ ಎಂದು ಮಗಳಿಗೆ ತಿಳಿಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು ಅನ್ನಿಸಿತು. ಆಮೇಲೆ ಅಮ್ಮ ಗೇಟಿನ ಕಡೆ ತಿರುಗಿ, “ತನ್ನಿ. ಈ ಕಡೆಯಿಂದಲೇ ತನ್ನಿ” ಎಂದಳು.

ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಹುಲ್ಲುಹಾಸನ್ನು ದಾಟಿದರು. ಅಮ್ಮ ಅವರ ಪಕ್ಕದಲ್ಲಿ ಬರಿಗಾಲಲ್ಲಿ ಹೋದಳು. ಮಗಳು ಎಲ್ಲರಿಗಿಂತ ಹಿಂದೆ ಉಳಿದಳು. ಹಸಿರಿನ ಮೇಲೆ ಬೂಟುಗಳಡಿ ಬಗ್ಗಿದ ಹುಲ್ಲು ಅವಳು ನೋಡುತ್ತಿದ್ದಂತೆ ಒಂದೊಂದೇ ಎಳೆಯಾಗಿ ಮತ್ತೆ ತಲೆ ಎತ್ತಿತು. ಹಳದಿಯ ಮೇಲೆ ಅದು ಏಳಲಿಲ್ಲ. ಆರು ಜೊತೆ ಬೂಟುಗಳ ಗುರುತು, ಅವುಗಳ ಪಕ್ಕದಲ್ಲಿ ಅಮ್ಮನ ಬರಿಗಾಲಿನ ಗುರುತು, ಗುಂಡಿಯ ತನಕ ಹಾಗೇ ಮೂಡಿ ನಿಂತಿದ್ದವು.